ವೈಪಾಹುವಿನ ತೋಟದ ಹಳ್ಳಿ: ಮನೆಗಳಿವೆ, ಮುಷ್ಕರಕ್ಕೆ ಮನೆಯಿಲ್ಲ

ಹವಾಯಿಗೆ ಹೋಗುವ ನಮ್ಮವರ ಪಟ್ಟಿಯಲ್ಲಿ ವೈಕೀಕಿಯ ಕಡಲತೀರ, ಪರ್ಲ್ ಹಾರ್ಬರ್, ಡೈಮಂಡ್ ಹೆಡ್ ಬೆಟ್ಟ ತಪ್ಪದೆ ಇರುತ್ತವೆ. ವೈಪಾಹು ಇರುವುದು ಅಪರೂಪ. ಓಅಹು ದ್ವೀಪದಲ್ಲಿ, ಹೊನೊಲುಲುವಿನ ಪಶ್ಚಿಮಕ್ಕೆ, ಪರ್ಲ್ ಹಾರ್ಬರನ್ನು ದಾಟಿದರೆ ಸಿಗುವ ಈ ಊರು ಒಂದು ಕಾಲಕ್ಕೆ ಓಅಹು ಶುಗರ್ ಕಂಪನಿಯ ಕಬ್ಬಿನ ತೋಟವಾಗಿತ್ತು. ಕಾರ್ಖಾನೆ 1995ರಲ್ಲಿ ಮುಚ್ಚಿತು. ಅದಕ್ಕೆ ಸ್ವಲ್ಪ ಮೊದಲು, 1992ರಲ್ಲಿ, ತೋಟದ ಕೂಲಿಕಾರರು ಬದುಕಿದ ರೀತಿಯನ್ನು ತೋರಿಸಲೆಂದು ಇಲ್ಲಿ ‘ಹವಾಯೀಸ್ ಪ್ಲಾಂಟೇಶನ್ ವಿಲೇಜ್’ ಎಂಬ ಬಯಲು ಸಂಗ್ರಹಾಲಯ ತೆರೆಯಿತು. ಗಾಜಿನ ಪೆಟ್ಟಿಗೆಗಳ ಮುಂದೆ ನಿಲ್ಲಿಸುವ ಸಂಗ್ರಹಾಲಯ ಇದಲ್ಲ. ಮಾರ್ಗದರ್ಶಕರ ಹಿಂದೆ ಮನೆಯಿಂದ ಮನೆಗೆ ನಡೆದು, ಒಳಹೊಕ್ಕು ನೋಡುವ ಹಳ್ಳಿ. ಕೆಲವು ಕಟ್ಟಡಗಳು ಹಳೆಯವು, ಹೆಚ್ಚಿನವು ಹಳೆಯ ಮಾದರಿಯಂತೆ ಮತ್ತೆ ಕಟ್ಟಿದವು. ಈ ವಿಮರ್ಶೆಯಲ್ಲಿ ನಾನು ನೋಡಹೊರಟಿರುವುದು ಮುಖ್ಯವಾಗಿ ಒಂದು ವಿಷಯವನ್ನು: ಫಿಲಿಪೀನ್ಸಿನಿಂದ ಬಂದು ಈ ತೋಟಗಳಲ್ಲಿ ದುಡಿದ, ದುಡಿಮೆಗೆ ತಕ್ಕ ಕೂಲಿ ಕೇಳಿ ಪದೇ ಪದೇ ಮುಷ್ಕರ ಹೂಡಿದ ಜನರ ಕಥೆ ಈ ಹಳ್ಳಿಯಲ್ಲಿ ಎಷ್ಟು ಕಾಣಸಿಗುತ್ತದೆ, ಎಷ್ಟನ್ನು ನಾವೇ ತಿಳಿದುಕೊಂಡು ಹೋಗಬೇಕು ಎಂಬುದನ್ನು.

ಹಳ್ಳಿಯ ವಿನ್ಯಾಸವನ್ನು ಮೊದಲು ಹೇಳಬೇಕು, ಏಕೆಂದರೆ ಇಲ್ಲಿನ ಹೆಚ್ಚುಗಾರಿಕೆಯೂ ಕೊರತೆಯೂ ಅದರಲ್ಲೇ ಇವೆ. ಚೀನೀಯರು, ಪೋರ್ಚುಗೀಸರು, ಜಪಾನೀಯರು, ಒಕಿನಾವದವರು, ಪೋರ್ಟೊ ರಿಕೊದವರು, ಕೊರಿಯನ್ನರು, ಫಿಲಿಪಿನೊಗಳು, ಹೀಗೆ ತೋಟಕ್ಕೆ ಬಂದ ಒಂದೊಂದು ಜನಾಂಗಕ್ಕೂ ಒಂದೊಂದು ಮನೆ. ನೆಲದ ಮೂಲ ಜನರಾದ ಹವಾಯಿಯನ್ನರಿಗೂ ಒಂದು ನೆಲೆ. ನಡುವೆ ತೋಟದ ಅಂಗಡಿ, ಸಣ್ಣ ಆಸ್ಪತ್ರೆ, ಕ್ಷೌರದಂಗಡಿ, ಜಪಾನೀಯರ ಸಾರ್ವಜನಿಕ ಸ್ನಾನಗೃಹ, ಇನಾರಿ ದೇವರ ಗುಡಿ, ಪೋರ್ಚುಗೀಸರ ರೊಟ್ಟಿ ಒಲೆ. ಒಂದೂವರೆ ಗಂಟೆಯ ಸುತ್ತಾಟದಲ್ಲಿ ಏಳೆಂಟು ದೇಶಗಳ ಅಡುಗೆಮನೆಗಳನ್ನು ಹೊಕ್ಕು ಬರುವ ಸಂತೋಷ ಬೇರೆಡೆ ಸುಲಭವಾಗಿ ಸಿಗುವುದಿಲ್ಲ. ಗೋಡೆಗಳೆಲ್ಲ ಒಂದೇ ಪದರದ ಹಲಗೆಯವು, ಮಾಡು ತಗಡಿನದು, ಮನೆಗಳು ನೆಲದಿಂದ ಸ್ವಲ್ಪ ಮೇಲೆ ಗಿಡ್ಡ ಕಂಬಗಳ ಮೇಲೆ ನಿಂತಿವೆ. ಕೊಡಗಿನ ಕಾಫಿ ತೋಟಗಳ ಲೈನ್ ಮನೆಗಳನ್ನು ಕಂಡವರಿಗೆ ಇಲ್ಲಿ ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ.

ಇಂಥ ವಿನ್ಯಾಸ ನೋಡುವವರ ಮನಸ್ಸಿನಲ್ಲಿ ಸಹಜವಾಗಿ ಮೂಡಿಸುವುದು ಸೌಹಾರ್ದದ ಚಿತ್ರವನ್ನು: ಹತ್ತು ದಿಕ್ಕಿನಿಂದ ಬಂದವರು ಅಕ್ಕಪಕ್ಕದಲ್ಲಿ ಬದುಕಿದರು, ಊಟದ ಬುತ್ತಿ ಹಂಚಿಕೊಂಡರು, ಬೆರಕೆ ಮಾತೊಂದನ್ನು ಕಟ್ಟಿಕೊಂಡರು, ಅದರಿಂದ ಇಂದಿನ ಹವಾಯಿ ಹುಟ್ಟಿತು. ಈ ಚಿತ್ರ ಸುಳ್ಳಲ್ಲ. ಆದರೆ ಮನೆಗಳು ಹೀಗೆ ಜನಾಂಗವಾರಾಗಿ ಬೇರೆಯಾಗಿದ್ದದ್ದು ಜನರ ಇಷ್ಟದಿಂದ ಮಾತ್ರವಲ್ಲ. ಅದರ ಹಿಂದೆ ತೋಟದ ಮಾಲೀಕರ ಲೆಕ್ಕಾಚಾರವಿತ್ತು. ಒಂದು ಜನಾಂಗದವರು ಒಗ್ಗಟ್ಟಾಗಿ ಕೆಲಸ ನಿಲ್ಲಿಸಿದರೆ ಇನ್ನೊಂದು ಜನಾಂಗದವರನ್ನು ತಂದು ಕೆಲಸ ನಡೆಸಬೇಕು, ಕೂಲಿಯಲ್ಲೂ ತಾರತಮ್ಯವಿಟ್ಟು ಅವರು ಒಂದಾಗದಂತೆ ನೋಡಿಕೊಳ್ಳಬೇಕು ಎಂಬುದು ಹವಾಯಿಯ ಸಕ್ಕರೆ ತೋಟಗಾರರ ಸಂಘ ತಿಳಿದೇ ಅನುಸರಿಸಿದ ನೀತಿ. 1909ರಲ್ಲಿ ಓಅಹುವಿನ ಜಪಾನೀ ಕೂಲಿಗಳು ತಿಂಗಳುಗಟ್ಟಲೆ ಮುಷ್ಕರ ಹೂಡಿದ ಮೇಲೆ ಫಿಲಿಪೀನ್ಸಿನಿಂದ ಆಳು ತರುವ ಕೆಲಸ ಭರದಿಂದ ಸಾಗಿದ್ದು ಈ ಲೆಕ್ಕಾಚಾರದಿಂದಲೇ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಹಳ್ಳಿಯನ್ನು ಸುತ್ತಿದರೆ ಮನೆಯಿಂದ ಮನೆಗೆ ಇರುವ ಅಂತರ ಬೇರೆಯೇ ರೀತಿ ಕಾಣುತ್ತದೆ.

ಫಿಲಿಪಿನೊಗಳ ಪಾಲಿಗೆ ಬಂದದ್ದು ಒಂಟಿ ಗಂಡಸರ ವಸತಿ. ಉಳಿದ ಮನೆಗಳಲ್ಲಿ ಅಡುಗೆಮನೆ, ಮಕ್ಕಳ ಆಟಿಕೆ, ಹೊಲಿಗೆ ಯಂತ್ರ ನೋಡಿ ಬಂದವರಿಗೆ ಇಲ್ಲಿನ ಬೋಳುತನ ಎದ್ದು ಕಾಣುತ್ತದೆ, ಮತ್ತು ಆ ಬೋಳುತನದಲ್ಲಿ ಇತಿಹಾಸವಿದೆ. 1906ರ ಡಿಸೆಂಬರ್ 20ರಂದು ಡೋರಿಕ್ ಎಂಬ ಹಡಗಿನಲ್ಲಿ ಹೊನೊಲುಲುವಿಗೆ ಬಂದಿಳಿದ ಮೊದಲ ಹದಿನೈದು ಮಂದಿಯನ್ನು ಹವಾಯಿ ದ್ವೀಪದ ಓಲಅ ತೋಟಕ್ಕೆ ಕಳಿಸಲಾಯಿತು. ಆಮೇಲಿನ ನಾಲ್ಕು ದಶಕಗಳಲ್ಲಿ ಲಕ್ಷಕ್ಕೂ ಹೆಚ್ಚು ಜನ ಬಂದರು, ಬಹುಪಾಲು ತರುಣರು, ಬಹುಪಾಲು ಒಂಟಿಯಾಗಿ. ಇವರನ್ನು ಸಕಾಡ ಎನ್ನುತ್ತಾರೆ. ಇಲೋಕೋಸ್ ಮತ್ತು ವಿಸಾಯಸ್ ಪ್ರದೇಶಗಳ ಹಳ್ಳಿಗಳಿಗೆ ಹೋದ ತೋಟದ ದಲ್ಲಾಳಿಗಳು ಅಂಗೈ ಜಡ್ಡುಗಟ್ಟಿದೆಯೇ ಎಂದು ಮುಟ್ಟಿ ನೋಡಿ ಆಳುಗಳನ್ನು ಆರಿಸುತ್ತಿದ್ದರು. ಓದುಬರಹ ಬಲ್ಲವರು ಅವರಿಗೆ ಬೇಕಿರಲಿಲ್ಲ. ಫಿಲಿಪೀನ್ಸ್ ಆಗ ಅಮೆರಿಕದ ವಸಾಹತಾಗಿದ್ದುದರಿಂದ ಚೀನೀಯರನ್ನೂ ಜಪಾನೀಯರನ್ನೂ ತಡೆದ ವಲಸೆ ಕಾನೂನುಗಳು ಇವರನ್ನು ತಡೆಯಲಿಲ್ಲ. ಕಾನೂನಿನ ಲೆಕ್ಕದಲ್ಲಿ ಅಮೆರಿಕದ ಆಳ್ವಿಕೆಗೆ ಸೇರಿದವರು, ಆದರೆ ಪೌರತ್ವವಿರಲಿಲ್ಲ. ಕೂಲಿಯ ಏಣಿಯಲ್ಲಿ ಕಟ್ಟಕಡೆಯ ಮೆಟ್ಟಿಲು ಇವರದು. 1930ರ ದಶಕದ ಆರಂಭದ ಹೊತ್ತಿಗೆ ತೋಟದ ಆಳುಗಳಲ್ಲಿ ಸುಮಾರು ಶೇ 70ರಷ್ಟು ಇವರೇ ಇದ್ದರು.

ಪ್ರದರ್ಶನದ ವಸ್ತುಗಳಲ್ಲಿ ಮೂರನ್ನು ನಾನು ಬಹಳ ಹೊತ್ತು ನೋಡಿದೆ. ಒಂದು, ಬಾಂಗೊ: ಅಂಗೈಯಲ್ಲಿ ಅಡಗುವ ಲೋಹದ ಬಿಲ್ಲೆ, ಅದರ ಮೇಲೊಂದು ಸಂಖ್ಯೆ. ಹಾಜರಿ ಹಾಕುವಾಗ, ಸಂಬಳ ಪಡೆಯುವಾಗ, ತೋಟದ ಅಂಗಡಿಯಲ್ಲಿ ಉದ್ರಿ ಕೊಳ್ಳುವಾಗ ತೋರಿಸಬೇಕಾದದ್ದು ಇದನ್ನೇ. ಮೇಸ್ತ್ರಿಗೆ ಆಳಿನ ಹೆಸರು ಗೊತ್ತಿರಬೇಕಾದ ಅಗತ್ಯವೇ ಇರಲಿಲ್ಲ. ಕುದುರೆಯ ಮೇಲೆ ಕೂತು ಕೆಲಸ ಮಾಡಿಸುತ್ತಿದ್ದ ಆ ಮೇಸ್ತ್ರಿಯನ್ನು ಲೂನಾ ಎನ್ನುತ್ತಿದ್ದರು. ಎರಡು, ಬುತ್ತಿ: ಎರಡು ಅಂತಸ್ತಿನ ಡಬ್ಬಿ, ಕೆಳಗೆ ಅನ್ನ, ಮೇಲೆ ಪಲ್ಯವೋ ಮೀನೋ. ನಮ್ಮ ಕ್ಯಾರಿಯರ್‌ನ ದಾಯಾದಿಯಂತಿರುವ ಇದರ ಬಗ್ಗೆ ಮಾರ್ಗದರ್ಶಕರು ಹೇಳಲು ಇಷ್ಟಪಡುವ ಮಾತೆಂದರೆ, ಮಧ್ಯಾಹ್ನದ ಊಟದಲ್ಲಿ ಒಬ್ಬರ ಮೇಲಂತಸ್ತಿಗೆ ಇನ್ನೊಬ್ಬರು ಕೈ ಹಾಕುತ್ತಿದ್ದರು ಎಂಬುದು. ಮೂರು, ಕಬ್ಬು ಕಡಿಯುವ ಕತ್ತಿ: ಅಗಲವಾದ ಚಪ್ಪಟೆ ಅಲಗು, ತುದಿಯ ಹಿಂಬದಿಯಲ್ಲಿ ಸೋಗೆ ಎಳೆದು ತೆಗೆಯಲು ಒಂದು ಕೊಕ್ಕೆ. ಕಬ್ಬಿನ ಗರಿ ಮೈಯನ್ನು ಹೇಗೆ ಕೊಯ್ಯುತ್ತದೆಂದು ಗದ್ದೆಗಿಳಿದವರಿಗೆ ಗೊತ್ತು. ಆ ಬಿಸಿಲಿನಲ್ಲೂ ದಪ್ಪ ಬಟ್ಟೆಯ ಅಂಗಿ, ಕೈಗವಸು, ಕಾಲಿಗೆ ಸುತ್ತಿದ ಪಟ್ಟಿ ಏಕೆ ಎಂಬುದಕ್ಕೆ ಬೇರೆ ವಿವರಣೆ ಬೇಡ.

ಈ ಮೂರೂ ವಸ್ತುಗಳು ದುಡಿಮೆಯನ್ನು ಚೆನ್ನಾಗಿ ತೋರಿಸುತ್ತವೆ. ದುಡಿಮೆ ನಿಲ್ಲಿಸಿದ ದಿನಗಳನ್ನು ಮಾತ್ರ ನೋಡುವವರೇ ಜೊತೆಗೆ ಕೊಂಡೊಯ್ಯಬೇಕಾಗುತ್ತದೆ. ಇದನ್ನು ಸಂಗ್ರಹಾಲಯದ ತಪ್ಪೆಂದು ನಾನು ಹೇಳಲಾರೆ. ಮನೆಗಳನ್ನು ಉಳಿಸುವುದು ಇಲ್ಲಿನ ಉದ್ದೇಶ. ಮುಷ್ಕರಗಾರರಿಗಾದರೋ ಮನೆ ಇರಲಿಲ್ಲ. ಅದಕ್ಕೆ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ತೋಟದಲ್ಲಿ ಮನೆ, ಸೌದೆ, ನೀರು, ಔಷಧೋಪಚಾರ ಎಲ್ಲವೂ ಕಂಪನಿಯದು, ಎಲ್ಲವೂ ‘ಉಚಿತ’. ಕೂಲಿ ಕಡಿಮೆ ಏಕೆ ಎಂದು ಕೇಳಿದರೆ ಈ ಉಚಿತಗಳ ಕಡೆಗೆ ಬೆರಳು ತೋರಿಸುವುದು ಮಾಲೀಕರ ವಾಡಿಕೆ. ಹಾಗಾಗಿ ಕೆಲಸ ಬಿಟ್ಟವನು ಅದೇ ಗಳಿಗೆಯಲ್ಲಿ ಮನೆಯನ್ನೂ ಬಿಟ್ಟ ಹಾಗೆ. 1920ರಲ್ಲಿ ಆದದ್ದು ಇದೇ. ಆಗ ಗಂಡಾಳಿನ ಮೂಲ ಕೂಲಿ ದಿನಕ್ಕೆ 77 ಸೆಂಟ್. ಸಕ್ಕರೆಯ ಬೆಲೆ ಗಗನಕ್ಕೇರಿತ್ತು, ಯುದ್ಧದ ನಂತರ ಅಕ್ಕಿ ಬಟ್ಟೆಗಳ ಬೆಲೆಯೂ ಏರಿತ್ತು. ಪಾಬ್ಲೊ ಮನ್ಲಾಪಿತ್ ಮುಂದಾಳತ್ವದ ಫಿಲಿಪಿನೊ ಕಾರ್ಮಿಕ ಸಂಘ ಮತ್ತು ಜಪಾನೀ ಕಾರ್ಮಿಕರ ಒಕ್ಕೂಟ ದಿನಕ್ಕೆ 1.25 ಡಾಲರ್ ಕೇಳಿದವು. ಜನವರಿಯಲ್ಲಿ ಫಿಲಿಪಿನೊಗಳು ಕತ್ತಿ ಕೆಳಗಿಟ್ಟರು, ಫೆಬ್ರುವರಿಯ ಮೊದಲ ದಿನ ಜಪಾನೀಯರೂ ಸೇರಿಕೊಂಡರು. ವೈಪಾಹುವೂ ಸೇರಿ ಓಅಹುವಿನ ಆರು ತೋಟಗಳಲ್ಲಿ 8,000ಕ್ಕೂ ಹೆಚ್ಚು ಮಂದಿ ಕೆಲಸ ನಿಲ್ಲಿಸಿದರು. ಮಾಲೀಕರು ಮಾಡಿದ್ದು ಸರಳ: ಹೆಂಗಸರು ಮಕ್ಕಳೆನ್ನದೆ 12,000ಕ್ಕೂ ಹೆಚ್ಚು ಜನರನ್ನು ಮನೆಗಳಿಂದ ಹೊರಹಾಕಿದರು. ಜನ ಹೊನೊಲುಲುವಿನ ಗುಡಿಗಳಲ್ಲಿ, ಖಾಲಿ ಕಟ್ಟಡಗಳಲ್ಲಿ, ಡೇರೆಗಳಲ್ಲಿ ಕಿಕ್ಕಿರಿದು ತಂಗಿದರು. ಅದೇ ಹೊತ್ತಿಗೆ ಇನ್‌ಫ್ಲುಯೆಂಜಾ ಜ್ವರ ಹಬ್ಬಿತ್ತು. ಮುಷ್ಕರಗಾರರ ಕುಟುಂಬಗಳಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಫಿಲಿಪಿನೊಗಳೇ ಹೆಚ್ಚು. ಜುಲೈಯಲ್ಲಿ ಮುಷ್ಕರ ಸೋತಿತು. ಸೋತ ಕೆಲವೇ ತಿಂಗಳಲ್ಲಿ ಮಾಲೀಕರು ಸದ್ದಿಲ್ಲದೆ ಕೂಲಿಯನ್ನು ಶೇ 50ರಷ್ಟು ಏರಿಸಿದರು ಎಂಬುದು ಈ ಕಥೆಯ ವಿಚಿತ್ರ ಭಾಗ. ಕೊಟ್ಟದ್ದು ಹೋರಾಟಕ್ಕೆ ಮಣಿದು ಎಂದು ಯಾರೂ ಅಂದುಕೊಳ್ಳಬಾರದೆಂಬ ಎಚ್ಚರ ಅವರದು.

ವೈಪಾಹುವಿನ ಆ ಒಂಟಿ ಗಂಡಸರ ವಸತಿಯ ಬಾಗಿಲಲ್ಲಿ ನಿಂತಾಗ ಇದು ನೆನಪಿರಬೇಕು. ಅದು ಆಶ್ರಯವೂ ಹೌದು, ಮಾಲೀಕನ ಕೈಯಲ್ಲಿದ್ದ ಅಸ್ತ್ರವೂ ಹೌದು. ಹಲಗೆ ಗೋಡೆಯನ್ನೂ ಚಾಪೆಯನ್ನೂ ನೋಡಿ ‘ಪಾಪ, ಎಷ್ಟು ಇಕ್ಕಟ್ಟು’ ಎಂದು ಮರುಗಿ ಮುಂದೆ ಹೋಗುವವರಿಗೆ ಅರ್ಧ ಮಾತ್ರ ಸಿಗುತ್ತದೆ. ಆ ಇಕ್ಕಟ್ಟಿನ ನೆಲೆಯೂ ಯಾವಾಗ ಬೇಕಾದರೂ ಕೈತಪ್ಪಬಹುದಿತ್ತು ಎಂಬುದು ಉಳಿದರ್ಧ.

ಮನ್ಲಾಪಿತ್ ಬಗ್ಗೆ ಎರಡು ಮಾತು. ಬತಂಗಸ್ ಪ್ರಾಂತದ ಲಿಪಾದವನಾದ ಈತ 1910ರಲ್ಲಿ ತಾನೂ ತೋಟದ ಆಳಾಗಿಯೇ ಹವಾಯಿಗೆ ಬಂದ. ಓದಿ 1919ರಲ್ಲಿ ಹವಾಯಿಯ ಮೊದಲ ಫಿಲಿಪಿನೊ ವಕೀಲನಾದ. 1924ರಲ್ಲಿ ದಿನಕ್ಕೆ ಎರಡು ಡಾಲರ್ ಕೂಲಿ, ಎಂಟು ಗಂಟೆಯ ದುಡಿಮೆ ಎಂಬ ಬೇಡಿಕೆಯೊಡನೆ ಮತ್ತೊಂದು ಮುಷ್ಕರಕ್ಕೆ ಕರೆಕೊಟ್ಟ. ಈ ಸಲ ಜಪಾನೀಯರು ಜೊತೆಗಿರಲಿಲ್ಲ. ಫಿಲಿಪಿನೊಗಳಲ್ಲೂ ಹೋರಾಡಿದವರು ಹೆಚ್ಚಾಗಿ ವಿಸಾಯಸ್‌ನವರು, ಇಲೋಕೋಸ್‌ನಿಂದ ಹೊಸದಾಗಿ ಬಂದಿಳಿಯುತ್ತಿದ್ದ ಇಲೋಕಾನೊಗಳು ಕೆಲಸಕ್ಕೆ ಹೋಗುತ್ತಿದ್ದರು. ಕೌಆಯಿ ದ್ವೀಪದ ಹನಪೇಪೆಯಲ್ಲಿ ಮುಷ್ಕರಗಾರರು ಜಪಾನೀ ಶಾಲೆಯೊಂದನ್ನು ನೆಲೆ ಮಾಡಿಕೊಂಡಿದ್ದರು. ಅಲ್ಲಿ ಇಬ್ಬರು ಇಲೋಕಾನೊ ತರುಣರನ್ನು ಹಿಡಿದಿಟ್ಟುಕೊಂಡಿದ್ದಾರೆಂಬ ದೂರಿನ ಮೇಲೆ ಸೆಪ್ಟೆಂಬರ್ 9ರಂದು ಪೊಲೀಸರು ಬಂದರು. ಜೊತೆಗೆ ಬಂದೂಕು ಹಿಡಿದ ಗುರಿಕಾರರನ್ನು ಹತ್ತಿರದ ದಿಬ್ಬದ ಮೇಲೆ ನಿಲ್ಲಿಸಿದ್ದರು. ಮುಷ್ಕರಗಾರರ ಕೈಯಲ್ಲಿದ್ದದ್ದು ಹೆಚ್ಚಾಗಿ ಕಬ್ಬು ಕಡಿಯುವ ಕತ್ತಿ. ಗಲಭೆ ಮುಗಿದಾಗ 16 ಕಾರ್ಮಿಕರೂ 4 ಪೊಲೀಸರೂ ಸತ್ತಿದ್ದರು. ಕಾರ್ಮಿಕರನ್ನು ಹೆಸರಿನ ಗುರುತೂ ಇಲ್ಲದಂತೆ ಹೂಳಲಾಯಿತು. ಸಮಾಧಿಯ ಜಾಗ ಎಲ್ಲಿರಬಹುದೆಂದು ನೆಲದೊಳಗೆ ತೂರುವ ರೇಡಾರ್ ಬಳಸಿ ಹುಡುಕಿದ್ದು 2019ರಲ್ಲಿ. ಮನ್ಲಾಪಿತ್ ಅಂದು ಹನಪೇಪೆಯಲ್ಲಿರಲಿಲ್ಲ. ಆದರೂ ಆ ವರ್ಷ ಬೇರೊಂದು ಪ್ರಕರಣದಲ್ಲಿ ಅವನನ್ನು ಜೈಲಿಗೆ ಕಳಿಸಿದರು, 1927ರಲ್ಲಿ ಹವಾಯಿ ಬಿಟ್ಟು ಹೋಗಬೇಕೆಂಬ ಷರತ್ತಿನ ಮೇಲೆ ಬಿಡುಗಡೆ ಮಾಡಿದರು. ಆಮೇಲೆ ಮರಳಿ ಬಂದವನನ್ನು 1930ರ ದಶಕದಲ್ಲಿ ಮತ್ತೊಮ್ಮೆ ದ್ವೀಪಗಳಿಂದ ಹೊರಗಟ್ಟಿದರು.

ಕತ್ತಿಯ ಮುಂದೆ ನಾನು ಬಹಳ ಹೊತ್ತು ನಿಂತದ್ದು ಈ ಕಾರಣಕ್ಕೆ. ನೀವೂ ಹೋದರೆ ಮಾರ್ಗದರ್ಶಕರನ್ನು 1924ರ ಬಗ್ಗೆ ಕೇಳಿ. ಇಲ್ಲಿ ಕೇಳಿದಷ್ಟೂ ಲಾಭ: ಮಾರ್ಗದರ್ಶಕರಲ್ಲಿ ಅನೇಕರು ಸ್ವಯಂಸೇವಕರು, ಹಲವರ ಮನೆತನದ ಬೇರು ಇವೇ ತೋಟಗಳಲ್ಲಿದೆ, ಆದ್ದರಿಂದ ಬಾಯಿಪಾಠದ ಮಾತು ಬಿಟ್ಟು ತಮ್ಮ ಅಜ್ಜನ ಮಾತಿಗೆ ಬರಲು ಅವರಿಗೆ ಒಂದು ಒಳ್ಳೆಯ ಪ್ರಶ್ನೆ ಸಾಕು. ಯಾವ ಮಾರ್ಗದರ್ಶಕರು ಸಿಗುತ್ತಾರೆ ಎಂಬುದರ ಮೇಲೆ ಒತ್ತು ಬದಲಾಗುವುದು ಇಂಥ ಜಾಗಗಳಲ್ಲಿ ಸಹಜ. ಜಪಾನೀ ಮೂಲದವರಾದರೆ ಸ್ನಾನಗೃಹದ ಬಳಿ ಮಾತು ಉದ್ದವಾಗಬಹುದು, ಪೋರ್ಚುಗೀಸ್ ಮೂಲದವರಾದರೆ ರೊಟ್ಟಿ ಒಲೆಯ ಬಳಿ. ಫಿಲಿಪಿನೊಗಳ ವಸತಿ ನಿಮಗೆ ಮುಖ್ಯವಾದರೆ ಆರಂಭದಲ್ಲೇ ಹೇಳಿಬಿಡುವುದು ಒಳ್ಳೆಯದು.

ಮನೆ ಎಂಬ ಅಸ್ತ್ರ ಮೊಂಡಾದದ್ದು 1946ರಲ್ಲಿ. ನಡುವೆ, 1937ರಲ್ಲಿ, ಮಾವಿ ದ್ವೀಪದ ಪೂನೇನೆಯಲ್ಲಿ ಫಿಲಿಪಿನೊಗಳು ತಾವಷ್ಟೇ ನಿಂತು ಹೋರಾಡಿ ಶೇ 15ರಷ್ಟು ಕೂಲಿ ಹೆಚ್ಚಳ ಪಡೆದಿದ್ದರು. ಒಂದೇ ಜನಾಂಗದ ಸಂಘಟನೆಯಡಿ ನಡೆದ ಕೊನೆಯ ದೊಡ್ಡ ಮುಷ್ಕರ ಅದು. ಆ ಬಳಿಕ ಬಂದರು ಮತ್ತು ಗೋದಾಮು ಕಾರ್ಮಿಕರ ಒಕ್ಕೂಟವಾದ ಐಎಲ್‌ಡಬ್ಲ್ಯೂಯು ಎಲ್ಲ ಜನಾಂಗಗಳವರನ್ನೂ ಒಂದೇ ಸಂಘಟನೆಗೆ ತಂದಿತು. ಮಾಲೀಕರು ಹಳೆಯ ಉಪಾಯವನ್ನೇ ಮತ್ತೆ ಹೂಡಿ ಫಿಲಿಪೀನ್ಸಿನಿಂದ 6,000 ಗಂಡಾಳುಗಳನ್ನು ಕರೆಸಿದರು. 1934ರ ಕಾನೂನು ಫಿಲಿಪಿನೊಗಳ ವಲಸೆಯನ್ನು ವರ್ಷಕ್ಕೆ 50ಕ್ಕೆ ಇಳಿಸಿದ್ದರೂ ಹವಾಯಿಯ ತೋಟಗಾರರಿಗೆ ಅದರಲ್ಲೊಂದು ಕಿಂಡಿ ಬಿಟ್ಟಿತ್ತು. ಆದರೆ ಅವರು ಬಂದ ಮೌನವಿಲಿ ಹಡಗಿನ ಸಿಬ್ಬಂದಿಯಲ್ಲೇ ಒಕ್ಕೂಟದವರಿದ್ದರು. ಹೊಸ ಆಳುಗಳು ದಡಕ್ಕಿಳಿಯುವ ಮೊದಲೇ ಸದಸ್ಯರಾಗಿದ್ದರು. ಸೆಪ್ಟೆಂಬರ್ 1ರಂದು 34 ತೋಟಗಳ ಪೈಕಿ 33ರಲ್ಲಿ ಸುಮಾರು 26,000 ಮಂದಿ ಕೆಲಸ ನಿಲ್ಲಿಸಿದರು. ಇಡೀ ದ್ವೀಪಸಮೂಹದ ಕೂಲಿಕಾರರನ್ನೆಲ್ಲ ಮನೆಯಿಂದ ಹೊರಹಾಕಿ ಎಲ್ಲಿಗೆ ಕಳಿಸುವುದು, ಬದಲಿ ಆಳುಗಳನ್ನು ಎಲ್ಲಿಂದ ತರುವುದು? ಜನ ಕ್ಯಾಂಪುಗಳಲ್ಲೇ ಉಳಿದು, ಸಾಮೂಹಿಕ ಅಡುಗೆಮನೆ ನಡೆಸಿ, ಮೀನು ಹಿಡಿದು, ತರಕಾರಿ ಬೆಳೆದು 79 ದಿನ ತಡೆದರು, ಗೆದ್ದರು. ಒಪ್ಪಂದದಲ್ಲಿ ಕೂಲಿ ಏರಿದ್ದಷ್ಟೇ ಅಲ್ಲ, ಮನೆ ಸೌದೆಗಳ ‘ಉಚಿತ’ ವ್ಯವಸ್ಥೆಯೇ ರದ್ದಾಗಿ ಅದರ ಮೌಲ್ಯ ನಗದಾಗಿ ಕೈಸೇರಿತು. ಅಂದಿನಿಂದ ಕಾರ್ಮಿಕ ತನ್ನ ಮನೆಗೆ ತಾನೇ ಬಾಡಿಗೆ ಕಟ್ಟುವವನಾದ. ನನ್ನ ಮಟ್ಟಿಗೆ ಈ ಸಂಗ್ರಹಾಲಯದಲ್ಲಿ ಇನ್ನಷ್ಟು ವಿಸ್ತಾರವಾಗಿ ಕಾಣಬಯಸುವ ಸಂಗತಿ ಇದೊಂದೇ. ಇಷ್ಟೊಂದು ಮನೆಗಳನ್ನು ಒಟ್ಟಿಗೆ ತೋರಿಸುವ ಜಾಗದಲ್ಲಿ ಆ ಮನೆಗಳ ಲೆಕ್ಕ ಬದಲಾದ ವರ್ಷಕ್ಕೆ ಒಂದು ಕೋಣೆಯನ್ನೇ ಮೀಸಲಿಟ್ಟರೂ ಅತಿಯಾಗದು.

ಹಳ್ಳಿ ನೋಡಿ ಮುಗಿಸಿದ ಮೇಲೆ ಊರನ್ನೂ ನೋಡಿ. ಹಳೆಯ ಕಾರ್ಖಾನೆಯ ಹೊಗೆಗೊಳವೆ ಇನ್ನೂ ನಿಂತಿದೆ, ಅದರ ಬುಡದಲ್ಲೀಗ ವೈಎಂಸಿಎ ಇದೆ. ಕಾರ್ಖಾನೆಯ ಜಾಗದಲ್ಲೇ 2002ರಲ್ಲಿ ಫಿಲಿಪಿನೊ ಸಮುದಾಯ ಭವನ ಎದ್ದಿತು. ಮೊದಲ ಹದಿನೈದು ಮಂದಿ ಬಂದಿಳಿದ ಡಿಸೆಂಬರ್ 20 ಈಗ ಹವಾಯಿಯಲ್ಲಿ ಸಕಾಡ ದಿನ. ಕೌಆಯಿಗೂ ಹೋಗುವವರು ಹನಪೇಪೆಯಲ್ಲಿ ಹೊತ್ತು ಉಳಿಸಿಕೊಳ್ಳಲಿ. ಅಲ್ಲಿನ ತೂಗು ಸೇತುವೆಯ ಚಿತ್ರ ತೆಗೆದು ಹಿಂದಿರುಗುವವರೇ ಹೆಚ್ಚು, 1924ರ ಸ್ಮಾರಕ ಫಲಕವೂ ಅದೇ ಊರಿನಲ್ಲಿದೆ.

ಊಟದ ವಿಷಯ ನಮ್ಮವರಿಗೆ ಮುಖ್ಯ, ಆದ್ದರಿಂದ ಹೇಳಿಬಿಡುತ್ತೇನೆ. ವೈಪಾಹುವಿನ ಫ್ಯಾರಿಂಗ್ಟನ್ ಹೆದ್ದಾರಿಯ ಆಸುಪಾಸಿನಲ್ಲಿ ಫಿಲಿಪಿನೊ ಹೋಟೆಲುಗಳಿವೆ. ಹಾಗಲ, ಬದನೆ, ಬೆಂಡೆ, ಕುಂಬಳ ಹಾಕಿ ಬೇಯಿಸಿದ ಪಿನಕ್ಬೆತ್ ನೋಡಿದರೆ ನಮ್ಮ ಮನೆಯ ಪಲ್ಯವೇ ಸರಿ ಅನ್ನಿಸುತ್ತದೆ. ಆದರೆ ಅದರ ರುಚಿಯ ಮೂಲ ಬಗೂಂಗ್, ಎಂದರೆ ಹುಳಿಸಿದ ಮೀನಿನ ಗೊಜ್ಜು. ಸಸ್ಯಾಹಾರಿಗಳು ತರಕಾರಿ ಕಂಡ ಮಾತ್ರಕ್ಕೆ ಮೋಸಹೋಗಬಾರದು, ಕೇಳಿಯೇ ತಿನ್ನಬೇಕು. ಮೀನು ತಿನ್ನುವ ಕರಾವಳಿಯವರಿಗೆ ಮಾತ್ರ ಇದು ಹಬ್ಬ. ಈ ಊರಿನ ಹಿತ್ತಲುಗಳಲ್ಲಿ ನುಗ್ಗೆ ಮರ ಸಾಮಾನ್ಯ ನೋಟ, ಇಲೋಕಾನೊಗಳ ಅಡುಗೆಯಲ್ಲಿ ನುಗ್ಗೆ ಸೊಪ್ಪಿಗೂ ಎಳೆಯ ಕಾಯಿಗೂ ನಮ್ಮಲ್ಲಿರುವಷ್ಟೇ ಮರ್ಯಾದೆ.

ಯಾರು ಹೋಗಬೇಕು? ಹತ್ತು ವರ್ಷ ದಾಟಿದ ಮಕ್ಕಳಿರುವವರು ಖಂಡಿತ ಹೋಗಲಿ. ತೀರ ಚಿಕ್ಕ ಮಕ್ಕಳಿಗೆ ಮಾತು ಹೆಚ್ಚಾದೀತು. ನಡಿಗೆ ಬಯಲಿನಲ್ಲಿ, ನೆರಳು ಅಲ್ಲಲ್ಲಿ ಮಾತ್ರ. ಟೊಪ್ಪಿ, ನೀರು, ಸೊಳ್ಳೆಯ ಕ್ರೀಮು ಜೊತೆಗಿರಲಿ. ಮೆಟ್ಟಿಲು ಹತ್ತಲು ಕಷ್ಟಪಡುವ ಹಿರಿಯರಿದ್ದರೆ ಮುಂಚೆಯೇ ವಿಚಾರಿಸಿ, ಏಕೆಂದರೆ ಕಂಬಗಳ ಮೇಲೆ ನಿಂತ ಮನೆಗಳಿಗೆ ಮೆಟ್ಟಿಲುಗಳಿವೆ. ಸ್ವಂತ ವಾಹನವಿಲ್ಲದವರಿಗೆ ಬಸ್ಸಿದೆ, 2023ರಲ್ಲಿ ಶುರುವಾದ ಸ್ಕೈಲೈನ್ ರೈಲಿಗೂ ವೈಪಾಹುವಿನಲ್ಲಿ ನಿಲ್ದಾಣವಿದೆ, ಆದರೆ ವೈಕೀಕಿಯಿಂದ ನೇರ ರೈಲಿಲ್ಲ. ಮಾರ್ಗದರ್ಶಕರ ಸುತ್ತಾಟ ನಿಗದಿತ ವೇಳೆಗೆ ಹೊರಡುವುದರಿಂದ ಹೊತ್ತನ್ನು ಫೋನ್ ಮಾಡಿ ಖಚಿತಪಡಿಸಿಕೊಂಡು ಬೆಳಗ್ಗೆಯೇ ಹೊರಟರೆ ಬಿಸಿಲೇರುವ ಮೊದಲು ಹಳ್ಳಿ, ಮಧ್ಯಾಹ್ನಕ್ಕೆ ಊಟ, ಆಮೇಲೆ ಹೊಗೆಗೊಳವೆ ಮತ್ತು ಸಮುದಾಯ ಭವನ ಎಂದು ಒಂದು ದಿನ ಸರಿಯಾಗಿ ತುಂಬುತ್ತದೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. 1920 ಮತ್ತು 1946ರ ಕಥೆಯನ್ನು ಮೊದಲೇ ತಿಳಿದು ಹೋಗುವವರು ಐದೂ ಕೊಡಬಹುದು.